ಬಾಕಿ ಹದಿನಾಲ್ಕು

ಬಂಗಾರಪೇಟೆ ಸ್ಟೇಷನ್ನಿನ ಹಿಂದೆ
ಚಿಕ್ಕಪ್ಪ ಪಿಳ್ಳಪ್ಪನ ತಗಡಿನ ಶೆಡ್ಡು.
ಬೋರ್ಡಿನ ಮೇಲೆ ನಾಲ್ಕು ಲಿಪಿ,
ನಾಲ್ಕರಲ್ಲೂ ಒಂದೇ ಮಾತು:
ಕಲ್ಲಿನಲ್ಲಿ ಹೆಸರು ಕೆತ್ತಿಕೊಡಲಾಗುವುದು.

ಆ ಬೇಸಿಗೆ ಆರ್ಡರ್ ಪುಸ್ತಕ ನನ್ನ ಕೈಗೆ ಬಂತು.
ತಿಪಟೂರಿನವಳು, ಹದಿಮೂರು ವರ್ಷ,
ಅಕ್ಷರ ದುಂಡಗಿತ್ತು, ಭಾಷೆ ಒಂದೇ ಇತ್ತು.
ಹೆಸರು, ಸಾಮಾನು, ತಾರೀಖು, ಮುಂಗಡ, ಬಾಕಿ:
ಗೆರೆ ಎಳೆದು ಕೂತೆ,
ಲೋಕವೆಲ್ಲ ಇಷ್ಟರಲ್ಲಿ ಹಿಡಿಸುತ್ತದೆ ಅಂತ.

ಮೊದಲ ದಿನವೇ ಲೋಡು ಇಳಿಸುವ ಗುರ್ರಪ್ಪ
ತೂರಾಡುತ್ತ ಬಂದು ಬಾಗಿಲಿಗೆ ಒರಗಿ
‘ಕಲ್ಲು ತಾಗಿತಿ’ ಅಂದ.
ಒಳಗೋಡಿ ಅರಿಸಿನ ತಂದೆ, ಹಳೇ ಪಂಚೆ ಹರಿದೆ,
ಎಲ್ಲಿ ತಾಗಿತು, ತಲೆಗೋ ಮೊಣಕಾಲಿಗೋ?
ಚಿಕ್ಕಮ್ಮ ಗೋಡೆ ಹಿಡಿದು ನಕ್ಕಳು:
ಕುಡಿದವ್ನೆ ಕಣಮ್ಮಿ, ಅವರ ಕಲ್ಲು ನಮ್ಮ ಹೆಂಡ.
ಬಟ್ಟಲು ಹಿಡಿದು ನಿಂತವಳನ್ನು
ಗುರ್ರಪ್ಪ ಮಾತ್ರ ನಗದೆ ನೋಡಿದ.
ಹಣೆ ಮುಂದೆ ಮಾಡಿದ. ಹಚ್ಚಿದೆ.

ಮಾರನೇ ಬೆಳಗ್ಗೆ ನೀರು ಸೇದುತ್ತ ಪಕ್ಕದ ಮನೆಯಾಕೆ
ರಾತ್ರಿ ‘ಕಲ ವಚ್ಚೆ’ ಅಂದಳು.
ಯಾವ ಕಲ್ಲು, ಯಾವ ಲಾರಿಯಲ್ಲಿ ಅಂತ
ಈ ಸಲ ಕೇಳಲಿಲ್ಲ.
ಕನಸಂತೆ.

ಕೆಜಿಎಫ್ ಪ್ಯಾಸೆಂಜರಿನಲ್ಲಿ ಬಂದ ಆರೋಗ್ಯಮೇರಿ
‘ಕಲ್’ ಅಂದಾಗ ಹೆದರಿ ಕೇಳಿದೆ, ಯಾವ ಕಲ್?
ಕಲ್ಲೇ.
ಅಬ್ಬ, ಒಂದಾದರೂ ನಮ್ಮದೇ ಸಿಕ್ಕಿತು ಅಂತ ಉಸಿರು ಬಿಟ್ಟೆ.
ಅವಳು ಚೀಲದಿಂದ ಎಕ್ಸ್‌ರೇ ತೆಗೆದು
ಬೆಳಕಿಗೆ ಹಿಡಿದಳು:
ಗಂಡನ ಎದೆಗೂಡು, ಅದರೊಳಗೆ
ಇಪ್ಪತ್ತೆಂಟು ವರ್ಷದ ಗಣಿ, ಹಿಟ್ಟಿನಂತೆ ಬೆಳ್ಳಗೆ.
ಜೊತೆಗೆ ಬಂದ ಮೊಮ್ಮಗ ಮೂಲೆಯಲ್ಲಿ ಪಾಠ ಉರು ಹೊಡೆಯುತ್ತಿದ್ದ,
ಅದರಲ್ಲೂ ಕಲ್, ಕಲ್.
ಅದು ಬೇರೆ, ಕಲಿ ಅಂತ, ಅಂದಳು ಅಜ್ಜಿ.
ನಾವೂ ಕಲ್ತೆ ಅಂತೀವಲ್ಲ. ಅದರೊಳಗೆ
ಕಲ್ಲು ಕೂತದ್ದನ್ನು ಶಾಲೆಯಲ್ಲಿ ಯಾರೂ ತೋರಿಸಿರಲಿಲ್ಲ.
ಸಾಮಾನಿನ ಕೆಳಗೆ ಬರೆದೆ: ಕರಿಕಲ್ಲು, ಎರಡಡಿ.

ಖುತೇಜಾ ಬೀ ಬಂದಳು.
ಬೆರಳ ತುದಿ ಕಪ್ಪು, ಹುಣಸೆ ಬೀಜ ಬಿಡಿಸುವ ಕೈ.
ಗೋರಿಗೆ ಕಲ್ಲು ಬೇಕು, ಮನೆಯವರಿಗೆ.
ತೀರಿಕೊಂಡದ್ದು ಯಾವಾಗ?
‘ಕಲ್.’
ಕಲ್ಲು ಸರಿ ಅಮ್ಮ, ತಾರೀಖು?
‘ಕಲ್’ ಅಂದಳು ಮತ್ತೆ, ಸ್ವಲ್ಪ ಮೆಲ್ಲಗೆ.

ಚಿಕ್ಕಪ್ಪ ಉಳಿ ಕೆಳಗಿಟ್ಟ.
ಕಲ್ ಅಂದ್ರೆ ನಿನ್ನೆ, ಅಂದ. ನಾಳೇನೂ ಅದೇ.
ಎರಡಕ್ಕೂ ಒಂದೇನಾ? ಹೆಂಗೆ ಗೊತ್ತಾಗುತ್ತೆ?
ಮಾತಿನ ಬಾಲ ನೋಡ್ಬೇಕು.
ಆಯ್ತು ಅಂದ್ರೆ ನಿನ್ನೆ, ಆಗುತ್ತೆ ಅಂದ್ರೆ ನಾಳೆ.
ಅವಳ ಮಾತಿಗೆ ಬಾಲವಿರಲಿಲ್ಲ.
ನಿನ್ನೆಯ ತಾರೀಖು ಬರೆದೆ.
ಆತ ಹೋಗಿ ಹನ್ನೊಂದು ವರ್ಷ ಅಂತ ಆಮೇಲೆ ತಿಳಿಯಿತು;
ಕಲ್ಲಿನ ದುಡ್ಡು ಕೂಡಲು
ಅಷ್ಟು ಹುಣಸೆಹಣ್ಣು ಬೇಕಾಗಿತ್ತು.

ಮಸೀದಿಯ ಮುನ್ಷಿ ಬರೆದ ಚೀಟಿ ನೋಡಿ
ಚಿಕ್ಕಪ್ಪ ಉರ್ದು ಕೆತ್ತಿದ, ತಾನು ಓದಲಾರದ್ದನ್ನು,
ಎಡದಿಂದ ಬಲಕ್ಕೆ, ಕೊನೆಯಿಂದ ಮೊದಲಿಗೆ.
ಒಂದು ಚುಕ್ಕೆಯೂ ಬಿಡಲಿಲ್ಲ.

ಕಲ್ಲು ಒಯ್ಯುವ ದಿನ ಗಾಡಿಯ ಪಕ್ಕ ನಿಂತು
ಬೀ ನಾಣ್ಯ ಎಣಿಸಿದಳು, ಎಲ್ಲಕ್ಕೂ ಹುಳಿ ವಾಸನೆ.
ಹದಿನಾಲ್ಕು ರೂಪಾಯಿ ಕಡಿಮೆ.
ಬಾಕಿ? ಅಂದೆ.
‘ಕಲ್.’

ಕೊಟ್ಟಾಯಿತೋ, ಕೊಡುತ್ತಾಳೋ?
ಬಾಲಕ್ಕೆ ಕಾದೆ.
ಗಾಡಿ ರೈಲ್ವೆ ಗೇಟು ದಾಟಿತು,
ಕಲ್ಲಿನ ಮೇಲೆ ಒಂದು ಕೈ ಇಟ್ಟುಕೊಂಡೇ
ಅವಳು ಪಕ್ಕದಲ್ಲಿ ನಡೆದಳು.

ಏನಂತ ಬರೀಲಿ ಚಿಕ್ಕಪ್ಪ?
ಉಳಿಯ ಬಾಯಿ ಮಸೆಯುತ್ತಿದ್ದವನು
ತಲೆ ಎತ್ತಲಿಲ್ಲ.
ಅವಳೇನಂದ್ಳೋ ಅದ್ನೇ ಬರ್ಕೊ.

ಬರ್ಕೊಂಡೆ.