ಹದ

ರಾತ್ರಿ ಎರಡೂವರೆಗೆ ನನ್ನ ಪಾಳಿ.
ರಾತ್ರಿ ಅನ್ನುವುದು ಗಡಿಯಾರದ ಮಾತು;
ಕಿಟಕಿಯ ಗುಂಡುಗಾಜಿನಲ್ಲಿ ಸೂರ್ಯ
ಮುಳುಗಲು ಜಾಗ ಸಿಗದವನಂತೆ
ಮೂರು ವಾರದಿಂದ ಅಂಚಿನಲ್ಲೇ ಸುತ್ತುತ್ತಿದ್ದಾನೆ.

ಐವತ್ತೆಂಟು ಜನಕ್ಕೆ ಬ್ರೆಡ್ಡು.
ಮುಂದೆ ಎರಡು ಮೀಟರ್ ದಪ್ಪದ ಮಂಜುಗಡ್ಡೆ.
ಅದರ ಮೇಲೆ ಹತ್ತಿ ಕೂತು, ತನ್ನ ಭಾರಕ್ಕೇ ಅದನ್ನು ಮುರಿದು
ಹಿಂದೆ ಸರಿದು, ಮತ್ತೆ ಹತ್ತುವ
ಈ ಹಡಗಿನ ಹೆಸರು ಸ್ಕಾರ್ವ್, ಅಂದರೆ ನೀರುಕಾಗೆ.
ಕಾಗೆಯ ಲಕ್ಷಣ ಒಂದೂ ಇಲ್ಲ. ಗೂಳಿ ಅನ್ನಬೇಕಿತ್ತು.

ಮೇಲೆ ಬ್ರಿಡ್ಜಿನಲ್ಲಿ ಲೇಸರ್ ಇದೆ, ರಾಡಾರ್ ಇದೆ,
ಉಪಗ್ರಹ ಕಳಿಸಿದ ಬೂದು ಚಿತ್ರಗಳಿವೆ.
ನನಗೆ ಕಣಕ ಸಾಕು.
ತೆಳು ಗಡ್ಡೆಗೆ ಬರೀ ನಡುಗುತ್ತದೆ,
ಅಳು ತಡೆದ ಮಗುವಿನ ಗಲ್ಲದ ಹಾಗೆ.
ಒಂದರ ಮೇಲೊಂದೇರಿ ಬೆಳೆದ ದಿಬ್ಬಕ್ಕೆ ಗುದ್ದಿದರೆ
ಉಬ್ಬಿದ್ದೆಲ್ಲ ಒಮ್ಮೆಗೇ ಕುಸಿಯುತ್ತದೆ, ಉಸ್ಸೆಂದು;
ನಾನು ಕ್ಯಾಪ್ಟನ್ ಹಾಲ್ವರನ ಅಜ್ಜಿಯನ್ನೂ ಸೇರಿಸಿ ಬೈಯುತ್ತೇನೆ.
ಅಂದು ಚಪ್ಪಟೆ ಬ್ರೆಡ್ಡು. ಏಕೆಂದು ಯಾರೂ ಕೇಳುವುದಿಲ್ಲ,
ಅವರೂ ಅದೇ ಗುದ್ದಿಗೆ ಮಂಚದಿಂದ ಉರುಳಿದವರು.

ಹುಳಿಹಿಟ್ಟಿನ ಭರಣಿ ವಾರ್ಡೋದಿಂದ ತಂದದ್ದು. ಅವ್ವನದು.
ಅವ್ವ ಹೋಗಿ ಆರು ವರ್ಷ, ಹುಳಿ ಇನ್ನೂ ಗುಳ್ಳೆ ಬಿಡುತ್ತದೆ.
ಬಿರುಗಾಳಿಯ ದಿನ ಅದನ್ನು ಕಂಬಳಿಯಲ್ಲಿ ಸುತ್ತಿ
ಹೊಟ್ಟೆಗೆ ಒತ್ತಿ ಮಲಗುತ್ತೇನೆ.
ಯಾರಿಗೂ ಹೇಳಿಲ್ಲ. ಕಾಲ್ಯುಗೆ ಗೊತ್ತು.

ಹನ್ನೊಂದನೆಯ ತಾರೀಕು ಗಾಳಿ ತಿರುಗಿತು.
ಎರಡೂ ಬದಿಯ ಗಡ್ಡೆ ಹತ್ತಿರ ಬಂದು
ಬಿಸಿ ಪಾತ್ರೆಯನ್ನು ಇಕ್ಕಳ ಹಿಡಿದಂತೆ ಹಿಡಿದವು.
ಹಾಲ್ವರ್ ಎಂಜಿನ್ ನಿಲ್ಲಿಸಿದ:
ಎಣ್ಣೆ ಸುಡುವುದಕ್ಕಿಂತ ಕಾಯುವುದು ಅಗ್ಗ.

ಆಗ ಎಲ್ಲರಿಗೂ ಎಚ್ಚರವಾಯಿತು.
ಇಪ್ಪತ್ತು ದಿನ, ಕಬ್ಬಿಣಕ್ಕೆ ಕಲ್ಲು ತಿಕ್ಕಿದಂಥ ಸದ್ದಿನಲ್ಲಿ
ಗೊರಕೆ ಹೊಡೆದವರು
ಸದ್ದಿಲ್ಲದ್ದಕ್ಕೆ ಗಾಬರಿಯಾಗಿ
ಒಬ್ಬೊಬ್ಬರೇ ಅಡುಗೆಮನೆಗೆ ಬಂದರು, ಕಾಲುಚೀಲದಲ್ಲೇ.
ಎಂಜಿನ್ ಕೋಣೆಯ ಕಾಲ್ಯು, ಎಸ್ಟೋನಿಯಾದವನು, ಕೇಳಿದ್ದು ಇಷ್ಟೇ:
"ಯಾರು ಸತ್ತರು?"
"ಯಾರೂ ಇಲ್ಲ. ಕಾಫಿ ಆ ಕಡೆ ಇದೆ."

ಸುನ್ನಿವಾ ಹೊರಗಿನಿಂದ ಬಂದಳು, ರೆಪ್ಪೆಯ ತುಂಬ ಹರಳು.
ಕೊರೆದು ತೆಗೆದ ಕಂಬ ನಡುವೆ ಮುರಿದಿತ್ತು, ಅಳತೆಗೆ ಬಾರದು;
ತುಂಡೊಂದನ್ನು ನನ್ನ ಪಾತ್ರೆಗೆ ಹಾಕಿದಳು.
"ಎರಡು ಬೇಸಿಗೆ ದಾಟಿದ ಗಡ್ಡೆ. ಈ ಸಲ ಸಿಕ್ಕಿದ್ದು ಇದೊಂದೇ ಕಡೆ.
ಕರಗಿದ ಮೇಲೆ ಕುಡಿದು ನೋಡು. ಸಮುದ್ರದ್ದೇ, ಆದರೆ ಸಪ್ಪೆ.
ವಯಸ್ಸಾದ ಹಾಗೆ ಉಪ್ಪನ್ನು ಬಿಟ್ಟುಕೊಡುತ್ತದೆ."
"ನಮ್ಮ ಮಾವ ಹಾಗಲ್ಲ," ಅಂದ ಕಾಲ್ಯು.
ನಕ್ಕೆವು. ಹಡಗು ಸುಮ್ಮನಿತ್ತಲ್ಲ,
ನಗು ತೀರ ದೊಡ್ಡದಾಗಿ ಕೇಳಿಸಿ ನಿಲ್ಲಿಸಿದೆವು.

ಆ ನೀರಿನಲ್ಲೇ ನಾದಿದೆ.
ಒದ್ದೆ ಬಟ್ಟೆ ಮುಚ್ಚಿ ಸುತ್ತ ಕೂತೆವು,
ಮೇಜಿನ ಮೇಲೆ ಯಾರೋ ಮಲಗಿದ್ದಾರೆಂಬಂತೆ ಪಿಸುಮಾತಿನಲ್ಲಿ.
ಹಿಟ್ಟಿನೊಳಗೆ ಹುದುಗು,
ಹಿಮದೊಳಗೆ ಹುದುಗಿ ನಾವು.

ನಾಲ್ಕು ತಾಸಿಗೆ ಎದ್ದಿತು, ಬಟ್ಟೆಯನ್ನೇ ಎತ್ತಿಕೊಂಡು,
ಯಾವ ಕಡೆಗೂ ವಾಲದೆ,
ಈ ಹಡಗಿನಲ್ಲಿ ನಾನು ನೋಡೇ ಇರದಷ್ಟು ಗುಂಡಗೆ.
ಬೆರಳೊತ್ತಿದೆ. ಕುಳಿ ನಿಧಾನವಾಗಿ ತುಂಬಿಕೊಂಡಿತು. ಹದ.
ಅವ್ವ ಹೀಗೇ ಒತ್ತಿ ನೋಡುತ್ತಿದ್ದಳು,
ಹಿಟ್ಟನ್ನೂ, ಬಾತ ತನ್ನ ಪಾದವನ್ನೂ.

ಒಲೆಯ ಬಾಗಿಲು ಮುಚ್ಚಿದ ಮೇಲೆ ನೆನಪಾಯಿತು:
ಉಪ್ಪು ಹಾಕಿಲ್ಲ.

ತಿಂದರು. ಬೆಣ್ಣೆ ಹಚ್ಚಿ, ಚೂರೂ ಬಿಡದೆ.
ಸುನ್ನಿವಾ ತನ್ನ ಅಳತೆಯ ಪುಸ್ತಕದಲ್ಲಿ ಏನೋ ಗೀಚಿದಳು, ತೋರಿಸಲಿಲ್ಲ.
ಹತ್ತು ಗಂಟೆಯ ಹೊತ್ತಿಗೆ ಕೆಳಗೆಲ್ಲೋ ಒಂದು ಕೀರಲು, ಆಮೇಲೆ ಗುದ್ದು.
ಮೇಜಿನ ಮೇಲೆ ಕಪ್ಪುಗಳು ಅಲುಗಿದವು.
ಕಾಲ್ಯು ಬಾಯ್ತುಂಬ ಆಕಳಿಸಿದ.
ಒಬ್ಬೊಬ್ಬರೇ ಮಲಗಲು ಹೋದರು.

ಉಳಿದ ನೀರನ್ನು ಭರಣಿಗೆ ಸುರಿದು
ಮುಚ್ಚಳ ಸ್ವಲ್ಪ ಸಡಿಲ ಬಿಟ್ಟೆ.