ಎಡಭುಜ

ತ್ಬಿಲಿಸಿಯ ಹಾಸ್ಟೆಲಿನ ಅಡುಗೆಮನೆ.
ರಾತ್ರಿ ಹನ್ನೊಂದಾದರೂ ಯಾರಿಗೂ ನಿದ್ದೆ ಬೇಡ.
ಒಂದೇ ಪಾತ್ರೆಯಲ್ಲಿ ಪಾಸ್ತಾ, ಏಳು ಚಮಚ,
ಸಾಹಸಗಳ ಹರಾಜು ನಡೆದಿತ್ತು.

ಥಲಿತಾ ಕಾಲಿಗೆ ಹಗ್ಗ ಕಟ್ಟಿ ಸೇತುವೆಯಿಂದ ಹಾರಿದ್ದಳಂತೆ,
ಕೆಳಗೆ ನದಿ ಅಂಗೈಯ ಗೆರೆಯಷ್ಟೇ ಕಂಡಿತಂತೆ.
ಯೋರಿಸ್ ಪಂಜರದೊಳಗೆ ಕೂತು ಕಡಲಿಗಿಳಿದಿದ್ದ;
ಶಾರ್ಕು ಬಂದು ಸರಳಿಗೆ ಮೂಗುಜ್ಜಿ
ರುಚಿಯಿಲ್ಲವೆಂದು ಹೊರಟುಹೋಯಿತಂತೆ.
ಜ್ವಾಲಾಮುಖಿಯ ಬೂದಿಯಲ್ಲಿ ಹಲಗೆ ಹಾಕಿ ಜಾರಿದವನೊಬ್ಬ
ಮೊಣಕೈ ಎತ್ತಿ ಗಾಯದ ಗುರುತು ತೋರಿಸಿದ.
ಪದಕ ನೋಡುವಂತೆ ನೋಡಿದೆವು.

ನಿನ್ನದು? ಎಂದರು.

ನನ್ನದು
ನಿನ್ನೆ ಓಮಾಲೋದಿಂದ ಇಳಿದು ಬಂದದ್ದು.

ಅಕ್ಟೋಬರಿನ ಮೊದಲ ವಾರ. ಕುರಿಗಳು ಆಗಲೇ ಇಳಿದಿದ್ದವು.
ಇನ್ನೊಂದು ಹಿಮ ಬಿದ್ದರೆ ದಾರಿ ಬಂದ್,
ಮತ್ತೆ ತೆರೆಯುವುದು ಜೂನಿಗೆ.
ಎಲ್ಗುಜನ ವ್ಯಾನು ಜಪಾನಿನಿಂದ ಬಂದ ಹಳೆಯದು,
ಸ್ಟಿಯರಿಂಗು ಬಲಕ್ಕೆ, ರಸ್ತೆಯ ಅಂಚೂ ಬಲಕ್ಕೆ.
ಪ್ರಪಾತ ಅವನಿಗೂ
ಅವನ ಹಿಂದೆ ಕೂತ ನನಗೂ ಸಮಪಾಲು.

ಹೊರಡುವ ಮುನ್ನ ನನ್ನ ಎಡಕ್ಕೆ ಒಬ್ಬ ಮುದುಕಿಯನ್ನು ಹತ್ತಿಸಿದರು.
ನಾಜಿಬ್ರೋಲಾ. ಕಪ್ಪು ತಲೆವಸ್ತ್ರ, ಗಂಡಸರ ಕೋಟು,
ತೊಡೆಯ ಮೇಲೆ ತೊಗಲಿನ ಚೀಲ ತುಂಬ ಕುರಿಚೀಸು.
ಅದರ ವಾಸನೆ ನಮ್ಮೆಲ್ಲರಿಗಿಂತ ಮೊದಲು ಸೀಟು ಹಿಡಿದಿತ್ತು.

ಮೊದಲ ತಿರುವು: ಗಾಲಿಯ ಕೆಳಗಿಂದ ಒಂದು ಕಲ್ಲು ಹೊರಟಿತು.
ಅದು ಬಿದ್ದ ಸದ್ದಿಗೆ ಕಾದೆ.
ಬರಲಿಲ್ಲ.
ಎರಡನೆಯದು: ಬಂಡೆಯಿಂದ ರಸ್ತೆಗೇ ಸುರಿವ ಅಬ್ಬಿ,
ಗಾಜು ಒರೆಸುವ ಕಡ್ಡಿ ಒಂದೇ, ಅದೂ ಎಲ್ಗುಜನ ಕಡೆ ಅಲ್ಲ.
ಮೂರನೆಯದಕ್ಕೆ ನಾನು
ಮನೆದೇವರ ಹೆಸರು ನೆನಪಿಗೆ ತಂದುಕೊಳ್ಳುತ್ತಿರುವಾಗ
ಎಡಭುಜಕ್ಕೆ ಏನೋ ಬಂದು ಒರಗಿತು.

ಮುದುಕಿಗೆ ನಿದ್ದೆ.

ತೂಕಡಿಕೆಯಲ್ಲ, ಬಾಯಿ ತೆರೆದ ನಿದ್ದೆ.
ಗೊರಕೆ ಏರಿಗೊಂದು, ಇಳಿಜಾರಿಗೊಂದು.
ನಾನು ಬಾಗಿಲಿನ ಹಿಡಿ ಬಿಟ್ಟೆ.
ಹಿಡಿದಿದ್ದರೆ ಭುಜ ಅಲುಗುತ್ತಿತ್ತು.
ಎದುರಿನಿಂದ ಲಾರಿ ಬಂತು, ಹಿಂದಕ್ಕೆ ಸರಿದೆವು,
ಹಿಂದಿನ ಗಾಲಿ ಒಂದು ಕ್ಷಣ ಯಾವುದರ ಮೇಲಿತ್ತೋ.
ನನ್ನ ಚಿಂತೆ, ಇವಳ ತಲೆವಸ್ತ್ರ ಕಣ್ಣಿಗೆ ಜಾರಿದೆಯಲ್ಲ,
ಸರಿಸಲೇ, ಬೇಡವೇ.

ಒಂದು ತಿರುವಿಗೆ ಮಾತ್ರ,
ಹಾರ್ನಿಲ್ಲ, ಕುಲುಕಿಲ್ಲ,
ತಾನಾಗಿ ಎದ್ದಳು.
ಎಲ್ಗುಜ ರೇಡಿಯೋ ತಗ್ಗಿಸಿದ. ಗಾಡಿ ನಿಂತಿತು.
ಅಂಚಿನಲ್ಲಿ ಕಲ್ಲು, ಕಲ್ಲಿನಲ್ಲಿ ಒಬ್ಬ ಮೀಸೆಯವನ ಮುಖ,
ಬುಡದಲ್ಲಿ ಖಾಲಿ ಲೋಟ ಮಗುಚಿಟ್ಟಿತ್ತು.
ಕೋಟಿನಿಂದ ಕೆಮ್ಮಿನ ಔಷಧಿಯ ಶೀಶೆ ತೆಗೆದು
ನನ್ನ ಎದೆಗೆ ಅಡ್ಡಲಾಗಿ ಕೈ ಚಾಚಿ
ಕಿಟಕಿಯಾಚೆ ಸುರಿದಳು, ದ್ರಾಕ್ಷಿಯ ಸಾರಾಯಿ.
ಅರ್ಧ ಅವನಿಗೆ, ಅರ್ಧ ನನ್ನ ಮೊಣಕಾಲಿಗೆ.
ಗಂಡನೋ, ತಮ್ಮನೋ, ಮಗನೋ.
ನನ್ನಲ್ಲಿದ್ದ ಹತ್ತು ಜಾರ್ಜಿಯನ್ ಪದಗಳಲ್ಲಿ
ಕೇಳಲು ಬೇಕಾದ್ದು ಒಂದೂ ಇರಲಿಲ್ಲ.
ಇದ್ದರೂ ಕೇಳುತ್ತಿರಲಿಲ್ಲ.
ಶೀಶೆಗೆ ಬಿರಡೆ ಹಾಕಿ, ನನ್ನ ಭುಜವನ್ನು ಒಮ್ಮೆ ತಟ್ಟಿ
ದಿಂಬು ಸರಿಮಾಡಿಕೊಳ್ಳುವಂತೆ,
ಮತ್ತೆ ಮಲಗಿದಳು.

ಅಲ್ವಾನಿಯಲ್ಲಿ ಇಳಿಯುವಾಗ
ನನ್ನ ಎಡಗೈ ಇರುವೆಗಳ ಗೂಡಾಗಿತ್ತು.
ಅಂಗಿಗೆ ಅಂಟಿದ್ದ ಉಣ್ಣೆಯೆಳೆ ಹೆಕ್ಕಿ ತೆಗೆದು
ಏನೋ ಬೈದಳು. ತೆಳ್ಳಗಿದ್ದೀಯ ಎಂದಿರಬೇಕು,
ಮೂಳೆ ಚುಚ್ಚಿತೆಂದೂ ಇರಬಹುದು.
ಚೀಲಕ್ಕೆ ಕೈಹಾಕಿ ಒಂದು ಹಿಡಿ ಚೀಸು ಮುರಿದು ಕೊಟ್ಟಳು.
ಫ್ರಿಜ್ಜಿನಲ್ಲಿದೆ, ಬೇಕಾದವರು ತಿನ್ನಿ. ಉಪ್ಪು ಜಾಸ್ತಿ.

ಯೋರಿಸ್ ಎದ್ದುಹೋಗಿ ಫ್ರಿಜ್ಜಿನ ಬಾಗಿಲು ತೆರೆದ,
ತಕ್ಷಣ ಮುಚ್ಚಿದ.
ಥಲಿತಾಳಿಗೆ ಲೆಕ್ಕ ಬೇಕು:
ಅದು ಸರಿ, ಎತ್ತರ ಎಷ್ಟು?

ಅಳೆದು ತೋರಿಸಿದೆ:
ಎಡಭುಜದಿಂದ ಕಿವಿಯವರೆಗೆ,
ಒಂದು ಗೇಣು.