ಏಳು ಹೊಲಿಗೆ

ನಾಯಿ ಬಿಟ್ಟೋಡಿದ ಮೇಲೆ
ಚರಂಡಿ ಕಲ್ಲಿನ ಸಂದಿಯಲ್ಲಿ ಸಿಕ್ಕಿತು.
ಬೂದುಬಣ್ಣದ ಹೇಂಟೆ, ಕತ್ತಿನ ಸುತ್ತ ಗರಿಯಿಲ್ಲ.
ಎದೆಯ ಹತ್ತಿರ ತೊಗಲು ಹರಿದು
ಬೆಳಿಗ್ಗೆ ನುಂಗಿದ್ದ ಜೋಳ ಕಾಣುತ್ತಿತ್ತು,
ಎರಡು ಕಾಳು, ಹಳದಿ, ಇನ್ನೂ ಗಟ್ಟಿ.

ಯಾರ್ದಮ್ಮಾ ಈ ಕೋಳಿ, ಅಂತ
ಸೆರಗಲ್ಲಿ ಸುತ್ತಿಕೊಂಡು ಬೀದಿಯೆಲ್ಲ ತಿರುಗಿದೆ.
ಪಿಳ್ಳಮ್ಮ ಇಣುಕಿ ನೋಡಿದಳು:
ನಮ್ಮದಲ್ಲಪ್ಪ, ನಮ್ಮವುಕ್ಕೆಲ್ಲ ಕಾಲು ಕಪ್ಪು.
ತಬಸ್ಸುಮ್ ಮನೆಯ ಕೋಳಿಗಳು ಎಣಿಕೆಗೆ ಸರಿಯಾಗಿದ್ದವು.
ಗಂಗುಲಪ್ಪ ಬಾಯಿಂದ ಬೀಡಿ ತೆಗೆಯದೆಯೇ ಹೇಳಿದ,
ಇನ್ನೂ ಬಿಸಿಯಿದೆ, ಈಗಲೇ ಕುಯ್ದರೆ ಸಾರಿಗಾಗುತ್ತೆ.

ಬೈಯಲಿಲ್ಲ ಅವನನ್ನ.
ಭಾನುವಾರ ನಾನೂ ತಿನ್ನುವವಳೇ.
ಆದರೆ ಸೆರಗೊಳಗೆ ಅದರ ಗುಂಡಿಗೆ
ನಮ್ಮ ಫಿಲೇಚರಿನ ಹಳೇ ಮೋಟಾರಿನ ಹಾಗೆ
ನಿಂತೇ ಹೋಯಿತು ಅನ್ನಿಸಿ
ಮತ್ತೆ ಹಿಡಿದುಕೊಳ್ಳುತ್ತಿತ್ತು.

ದನದ ಡಾಕ್ಟರಿಗೆ ಫೋನು ಮಾಡಿದೆ.
ಕೋಳಿಗಾ? ಅಂದರು.
ಹೌದು ಅಂದೆ.
ನಕ್ಕರು. ಚಿಂತಾಮಣಿ ಕಡೆ ಇದೀನಮ್ಮ, ನಾಳೆ ನೋಡೋಣ.
ನಾಳೆ ಅನ್ನುವುದು ಕೋಳಿಗೆ ಗೊತ್ತಿಲ್ಲ.

ಇಪ್ಪತ್ತೆರಡು ವರ್ಷ ಬಿಸಿನೀರಲ್ಲಿ ಬೆಂದ ಬೆರಳು ಇವು.
ಕುದಿಯುವ ಬಾಣಲೆಯಲ್ಲಿ ಗೂಡಿನ ಎಳೆಯ ತುದಿ ಎಲ್ಲಿದೆ
ಅಂತ ಕಣ್ಣಿಗಿಂತ ಮುಂಚೆ ಇವಕ್ಕೆ ತಿಳಿಯುತ್ತದೆ.
ಉಪ್ಪುನೀರಲ್ಲಿ ತೊಳೆದೆ, ಸೂಜಿ ದೀಪಕ್ಕೆ ಹಿಡಿದೆ.
ನೂಲು ಮಾತ್ರ ಕದ್ದದ್ದು,
ಶಫೀವುಲ್ಲಾ ಸಾಹೇಬರ ಕಾರ್ಖಾನೆಯದು, ಒಂದು ಮೊಳ,
ಮೂರೆಳೆ ಸೇರಿಸಿ ತೊಡೆಯ ಮೇಲೆ ಹುರಿ ಮಾಡಿದ್ದು.
ರೇಷ್ಮೆ ನನ್ನ ಮೈಗೆ ಬಂದದ್ದು ಒಂದೇ ಸಲ,
ತಂಗಿಯ ಧಾರೆಯ ದಿನ. ಅದೂ ಕಡ ತಂದ ಸೀರೆ.

ಒಳಗಿನ ಕಾಳುಚೀಲಕ್ಕೆ ಮೂರು,
ಮೇಲಿನ ತೊಗಲಿಗೆ ನಾಲ್ಕು.
ಐದನೆಯದಕ್ಕೆ ಕಣ್ಣು ಮುಚ್ಚಿತು,
ಕೆಳಗಿನ ರೆಪ್ಪೆ ಮೇಲಕ್ಕೆ ಬಂದು.
ಕೋಳಿ ಹಾಗೆ ಕಣ್ಣು ಮುಚ್ಚುತ್ತೆ ಅಂತ
ಇಷ್ಟು ಕೋಳಿ ಕುಯ್ದಿದ್ದರೂ ನೋಡಿರಲಿಲ್ಲ.

ಅರಿಶಿನ. ಕವುಚಿದ ಮಂಕರಿ. ಕೆಳಗೆ ಗೋಣಿತಾಟು.
ಮೂರು ದಿನ ಅಂಬಲಿಯ ತಿಳಿ, ಬೆರಳ ತುದಿಯಿಂದ ಹನಿಹನಿ.
ನಾಲ್ಕನೇ ಸಂಜೆ ಕಾರ್ಖಾನೆಯಿಂದ
ಬೆಂದ ಹುಳು ಒಂದು ಹಿಡಿ ತಂದೆ.
ಎದ್ದು ನಿಂತಿತು.
ಶಿಡ್ಲಘಟ್ಟದ ಬಸ್ಸಲ್ಲಿ ಪಕ್ಕದವರು
ಕಿಟಕಿ ಕಡೆ ಮುಖ ತಿರುಗಿಸುವ ವಾಸನೆ ನನ್ನದು.
ಇದು ಮಾತ್ರ ಹುಳು ಮುಗಿದ ಮೇಲೂ
ನನ್ನ ಅಂಗೈ ಗೆರೆಗಳನ್ನೆಲ್ಲ
ಕುಕ್ಕಿ ಕುಕ್ಕಿ ಹುಡುಕಿತು.

ತಿಂಗಳು ಕಳೆದು, ಒಗೆಯುವ ಬಟ್ಟೆಯ ಗಂಟಿನ ಮೇಲೆ
ಒಂದು ಮೊಟ್ಟೆಯಿಟ್ಟು ಊರಿಗೆಲ್ಲ ಕೂಗಿ ಹೇಳಿತು.
ಪಿಳ್ಳಮ್ಮ ಬಂದಳು: ಕಾಲು ಬೆಳ್ಳಗಿರೋದೂ ಒಂದಿತ್ತಲ್ಲ ನಮ್ಮದು?
ತಬಸ್ಸುಮಳ ಅತ್ತೆ ಮತ್ತೆ ಎಣಿಸಿದಳು, ಈಗ ಒಂದು ಕಮ್ಮಿ.
ಗಂಗುಲಪ್ಪ ಬೀಡಿ ತೆಗೆದು ಅಂದ,
ಅವತ್ತೇ ಅಂದಿರಲಿಲ್ಲವಾ, ಬದುಕುತ್ತೆ ಅಂತ.

ಬೀದಿಯ ನಡುವೆ ಇಳಿಸಿದೆ. ನಿನ್ನ ಮನೆಗೆ ನೀನೇ ಹೋಗು.
ತಲೆ ಓರೆ ಮಾಡಿ ಒಬ್ಬೊಬ್ಬರನ್ನೂ ನೋಡಿ
ಗೌಡನ ಕೆರೆಯ ಕಡೆ ನಡೆಯಿತು,
ಹಿಪ್ಪುನೇರಳೆ ಸಾಲಿನೊಳಗೆ.

ಈಗ ಒಂದು ರಾತ್ರಿ ತಬಸ್ಸುಮಳ ಕಾಂಪೌಂಡು,
ಒಂದು ರಾತ್ರಿ ಗಂಗುಲಪ್ಪನ ಮೊಪೆಡ್ಡಿನ ಹ್ಯಾಂಡಲ್ಲು;
ಬೆಳಿಗ್ಗೆ ಅವನ ಬೈಗುಳದಿಂದ ಗೊತ್ತಾಗುತ್ತದೆ.
ನನ್ನ ಮನೆಗೆ ಮಳೆ ಬಂದರೆ ಮಾತ್ರ.
ಗರಿ ಬಂದು ಹೊಲಿಗೆ ಮುಚ್ಚಿದೆ. ಬೆರಳಿಟ್ಟರೆ ಸಿಗುತ್ತದೆ,
ಎಣಿಸುವಷ್ಟು ಹೊತ್ತು ನಿಲ್ಲುವುದಿಲ್ಲ.

ನಿನ್ನೆ ಕತ್ತಲಾದ ಮೇಲೆ ಪಿಳ್ಳಮ್ಮನ ಕಿರಿಯ ಮಗ,
ಕೈಯಲ್ಲಿ ಟವೆಲ್ಲಿನ ಗಂಟು, ಒಳಗೆ ಮರಿ.
ಗಾಡಿಗೆ ಸಿಕ್ಕಿ ರೆಕ್ಕೆ ಜೋತಿತ್ತು.
ಯಾರ್ದಪ್ಪಾ ಇದು, ಅಂದೆ.
ಗೊತ್ತಿಲ್ಲಕ್ಕ, ದಾರೀಲಿ ಸಿಕ್ತು.

ದೀಪ ಹತ್ತಿರ ಮಾಡಿ ಬಿಚ್ಚಿದೆ.
ಕಾಲು ಕಪ್ಪಗಿತ್ತು.